ಆಟದ ಪರದೆಯ ಮೇಲೆ ನಮ್ಮ ಪುರಾಣದ ಹೆಸರುಗಳು

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬಡಾಯಿಗಾರರನ್ನು ಕುರಿತು ಆಡುತ್ತಿದ್ದರು. ಮಹಾನಗರಗಳಲ್ಲಿ ನೆಲೆಸಿದ ನಮ್ಮಂಥ ಕುಟುಂಬಗಳಿಗೇ ಆ ಗಾದೆ ಅನ್ವಯಿಸುವ ಕಾಲ ಬಂದಿದೆಯೇ ಎಂಬ ಶಂಕೆ ನನ್ನದು. ನಮ್ಮ ಮಕ್ಕಳು ಆಡುವ ವಿಡಿಯೋ ಆಟಗಳಲ್ಲಿ ಶಿವ, ಗರುಡ, ರಾವಣ, ಲಕ್ಷ್ಮಿ, ಅಸುರ ಮುಂತಾದ ಹೆಸರುಗಳು ಹಾಲಿನ ಹೊಳೆಯಂತೆ ಹರಿಯುತ್ತಿವೆ. ಆ ಹೆಸರುಗಳ ಹಿಂದಿನ ಕಥೆಯಾದರೋ ಮನೆಯಲ್ಲಿ ಮಜ್ಜಿಗೆಯಷ್ಟೂ ದೊರೆಯದು.

ಈ ಆಟಗಳ ಪರಿಚಯವಿಲ್ಲದ ಹಿರಿಯ ಓದುಗರಿಗಾಗಿ ಒಂದೆರಡು ಮಾತು. ಆಡುವವನು ಒಬ್ಬ ವೀರನ ವೇಷವನ್ನು ಧರಿಸಿ, ಕಲ್ಪಿತ ರಾಜ್ಯವೊಂದರಲ್ಲಿ ಸಂಚರಿಸಿ, ರಾಕ್ಷಸರೊಡನೆ ಕಾದಾಡಿ, ಆಯುಧಗಳನ್ನೂ ವರಗಳನ್ನೂ ಸಂಪಾದಿಸುವುದು ಇವುಗಳ ಮೂಲ ಸ್ವರೂಪ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಮತ್ತು ದಾಳಗಳಿಂದ ಆಡುವ ಆಟವೇ ಇವುಗಳ ಮೂಲಪುರುಷ. ಇಂಥ ಕಲ್ಪಿತ ಲೋಕಗಳಿಗೆ ಹೆಸರುಗಳು ಬೇಕು. ಅವು ಕೇಳಿದೊಡನೆ ಪುರಾತನವೆನಿಸಬೇಕು. ಇಂಗ್ಲೆಂಡಿನ ಸಾಹಿತಿ ಟೋಲ್ಕಿನ್ 1937ರ ತಮ್ಮ ‘ದಿ ಹಾಬಿಟ್’ ಕಾದಂಬರಿಯ ಕುಬ್ಜರಿಗೂ ಮಾಂತ್ರಿಕ ಗ್ಯಾಂಡಾಲ್ಫನಿಗೂ ಉತ್ತರ ಯೂರೋಪಿನ ಪ್ರಾಚೀನ ಕಾವ್ಯವೊಂದರಿಂದ ಹೆಸರುಗಳನ್ನು ಆರಿಸಿಕೊಂಡರು. ಆಟಗಳನ್ನು ರಚಿಸುವವರೂ ಅದೇ ದಾರಿ ಹಿಡಿದರು. ಯೂರೋಪಿನ ಭಂಡಾರ ಸಾಲದಾದಾಗ ಅವರ ದೃಷ್ಟಿ ನಮ್ಮ ಪುರಾಣಗಳ ಮೇಲೆ ಬಿದ್ದುದು ಸಹಜವೇ ಆಗಿದೆ.

ಮೊದಲಿಗೆ ‘ಅವತಾರ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ’ ಸರಣಿಯ ನಾಲ್ಕನೆಯ ಆಟದಲ್ಲಿ ಕೊನೆಗೆ ಕೊಲ್ಲಬೇಕಾದ ದೈತ್ಯನೇ ಇಲ್ಲ. ಸತ್ಯ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ವಿನಯ ಮೊದಲಾದ ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ’ ಪದವಿಗೆ ಏರುವುದೇ ಅಲ್ಲಿ ಗೆಲುವು. ದೇವರು ಇಳಿದುಬರುವುದಕ್ಕೆ ನಾವು ಬಳಸುತ್ತಿದ್ದ ಶಬ್ದ ಅಲ್ಲಿ ಮನುಷ್ಯನು ಮೇಲೇರುವುದಕ್ಕೆ ಬಳಕೆಯಾಯಿತು. ಇಂದು ಗಣಕಯಂತ್ರದ ಪರದೆಯ ಮೇಲೆ ನಮ್ಮ ಪರವಾಗಿ ನಿಲ್ಲುವ ಯಾವುದೇ ಬೊಂಬೆಗೂ ಜಗತ್ತಿನಾದ್ಯಂತ ಅದೇ ಹೆಸರು. ಕೆದರಿದ ತಲೆಯ ಮಗನನ್ನು ಕಂಡು ‘ಏನಪ್ಪಾ ಇದು ನಿನ್ನ ಅವತಾರ!’ ಎನ್ನುವ ಕನ್ನಡದ ತಾಯಿ ಈ ಅರ್ಥಾಂತರವನ್ನು ಎಂದೋ ಮಾಡಿ ಮುಗಿಸಿದ್ದಳೆನ್ನಬೇಕು.

ಎಲ್ಲ ಹೆಸರುಗಳೂ ಇಷ್ಟು ಸುಖವಾಗಿ ಪ್ರಯಾಣ ಮಾಡಿಲ್ಲ. ಅಮೆರಿಕದ ಆ ಮೂಲ ಆಟದ 1977ರ ಪುಸ್ತಕದಲ್ಲಿ ‘ರಾಕ್ಷಸ’ನು ಹುಲಿಯ ತಲೆಯುಳ್ಳ ಪ್ರಾಣಿಯಾಗಿ ಚಿತ್ರಿತನಾದ. ಹುಲಿಯನ್ನೇರಿ ಬರುವ ಮಲೆಯ ಮಾದೇಶ್ವರನ ಭಕ್ತರಿಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಜಪಾನಿನ ‘ಫೈನಲ್ ಫ್ಯಾಂಟಸಿ’ ಸರಣಿಯ 1990ರ ಮೂರನೆಯ ಆಟದಿಂದ ಮೊದಲ್ಗೊಂಡು ‘ಶಿವ’ ಎಂಬುದು ಮಂಜುಗಡ್ಡೆಯನ್ನು ಸುರಿಸುವ ಒಬ್ಬ ಸ್ತ್ರೀಯ ಹೆಸರು. ಕೈಲಾಸದ ಹಿಮ ಉಳಿದಿದೆ. ಜಟೆಯಿಲ್ಲ, ಗಂಗೆಯಿಲ್ಲ, ಕಂಠದಲ್ಲಿ ವಿಷವೂ ಇಲ್ಲ.

ಆದರೂ ಇದೆಲ್ಲ ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು. ನಮ್ಮ ದೇವತೆಗಳು ಬೌದ್ಧಧರ್ಮದ ಜೊತೆಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಜಪಾನನ್ನು ತಲುಪಿದರು. ಸರಸ್ವತಿ ಅಲ್ಲಿ ಬೆಂಜೈತೆನ್, ಇಂದ್ರ ತೈಶಾಕುತೆನ್, ಯಮ ಎಮ್ಮ. ನಾರಾ ನಗರದ ಕೋಫುಕುಜಿ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳುಳ್ಳ ಅಸುರನ 8ನೆಯ ಶತಮಾನದ ಸುಂದರ ವಿಗ್ರಹವಿದೆ. 1991ರ ‘ಫೈನಲ್ ಫ್ಯಾಂಟಸಿ’ಯ ನಾಲ್ಕನೆಯ ಆಟದಲ್ಲಿ ‘ಅಸುರ’ ಎಂಬ ರಾಣಿಗೆ ಮೂರು ಮುಖಗಳಿರುವುದನ್ನು ಕಂಡಾಗ ಆ ವಿಗ್ರಹ ನೆನಪಾಗದಿರದು. ಅದೇ ಸರಣಿಯ ಹದಿನಾಲ್ಕನೆಯ ಆಟದಲ್ಲಿ 2017ರಲ್ಲಿ ಸೇರಿದ ‘ಲಕ್ಷ್ಮಿ’ಯನ್ನು ಆರಾಧಿಸುವವರು ‘ಅನಂತ’ ಎಂಬ ಸರ್ಪರೂಪದ ಸ್ತ್ರೀಕುಲ. ಅನಂತಶಯನನ ಪಾದದ ಬಳಿ ಕುಳಿತ ಲಕ್ಷ್ಮಿಯನ್ನು ತಿಳಿದವರಲ್ಲದೆ ಇನ್ನಾರು ಹೀಗೆ ಹೆಸರಿಟ್ಟಾರು? ಆ ಆಟವನ್ನಾಡುವ ನಮ್ಮ ಹುಡುಗನಿಗೆ ಅನಂತನಾರೆಂದು ತಿಳಿದಿದೆಯೇ ಎಂಬುದೇ ಈಗ ನಮ್ಮ ಮುಂದಿರುವ ಪ್ರಶ್ನೆ.

ಈ ಬೆಳವಣಿಗೆಯನ್ನು ಕಂಡು ನಮ್ಮವರಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳುಂಟು. ‘ನೋಡಿದಿರಾ, ಜಗತ್ತೆಲ್ಲ ನಮ್ಮ ಸಂಸ್ಕೃತಿಗೆ ತಲೆಬಾಗುತ್ತಿದೆ’ ಎಂದು ಹಿಗ್ಗುವುದು ಒಂದು; ‘ನಮ್ಮ ದೇವರಿಗೆ ಅಪಚಾರವಾಯಿತು’ ಎಂದು ಸಿಡಿಯುವುದು ಇನ್ನೊಂದು. 2009ರಲ್ಲಿ ಬಂದ ‘ಹನುಮಾನ್: ಬಾಯ್ ವಾರಿಯರ್’ ಆಟಕ್ಕೂ, 2012ರಲ್ಲಿ ‘ಸ್ಮೈಟ್’ ಆಟದ ಕಾಳಿಯ ಚಿತ್ರಣಕ್ಕೂ ಅಮೆರಿಕದ ಕೆಲವು ಹಿಂದೂ ಮುಖಂಡರು ಆಕ್ಷೇಪವೆತ್ತಿದರು. ಆಡುವವನ ಬೆರಳಿನ ಆಜ್ಞೆಗೆ ಹನುಮಂತನು ಕುಣಿಯುವುದು ಸಲ್ಲದೆಂಬುದು ಅವರ ವಾದದ ಒಂದು ಎಳೆ. ಭಕ್ತರ ನೋವನ್ನು ನಾನು ಹಗುರವಾಗಿ ಕಾಣುವವನಲ್ಲ. ಕಾಳಿಯನ್ನು ಬರಿಯ ಪ್ರದರ್ಶನದ ವಸ್ತುವಾಗಿಸುವುದು ಖಂಡನೀಯವೇ ಸರಿ. ಆದರೆ ನಮ್ಮ ತೊಗಲುಗೊಂಬೆಯಾಟದಲ್ಲಿ ಸಾಕ್ಷಾತ್ ಶ್ರೀರಾಮಚಂದ್ರನೇ ಕಿಳ್ಳೇಕ್ಯಾತರ ಬೆರಳಿನಲ್ಲಿ ನಡೆದಿದ್ದಾನೆ. ಯಕ್ಷಗಾನದ ರಂಗಸ್ಥಳದಲ್ಲಿ ಹನುಮಂತನ ವೇಷಧಾರಿ ಜಿಗಿದು, ಕುಣಿದು, ಹಾಸ್ಯವನ್ನೂ ಆಡಿದ್ದಾನೆ. ಅಲ್ಲಿ ಯಾರಿಗೂ ನೋವಾಗದಿದ್ದುದಕ್ಕೆ ಕಾರಣ, ನೋಡುವವರೆಲ್ಲರಿಗೂ ಕಥೆ ಗೊತ್ತಿತ್ತು. ಕಥೆ ಬಲ್ಲವನಿಗೆ ವೇಷದಿಂದ ಭ್ರಮೆಯಾಗದು.

ಈ ಮಾತಿಗೆ ಉದಾಹರಣೆ ನಮ್ಮ ಪುಣೆಯಲ್ಲಿಯೇ ಇದೆ. ಇಲ್ಲಿಯ ‘ನಾಡಿಂಗ್ ಹೆಡ್ಸ್ ಗೇಮ್ಸ್’ ಎಂಬ ಚಿಕ್ಕ ಸಂಸ್ಥೆ 2020ರಲ್ಲಿ ‘ರಾಜಿ: ಆನ್ ಏನ್ಷೆಂಟ್ ಎಪಿಕ್’ ಎಂಬ ಸಾಹಸದ ಆಟವನ್ನು ಹೊರತಂದಿತು. ಸಾರ್ವಜನಿಕರಿಂದ ಮುಂಗಡವಾಗಿ ಹಣ ಕೂಡಿಸುವ ಅವರ ಪ್ರಯತ್ನ 2017ರಲ್ಲಿ ಗುರಿ ಮುಟ್ಟಲಿಲ್ಲ. ಆದರೂ ಕೈಬಿಡದೆ ಕೆಲಸವನ್ನು ಪೂರೈಸಿದರು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ ಸ್ಪರ್ಧೆಯಲ್ಲಿ ಚೊಚ್ಚಲ ಸ್ವತಂತ್ರ ಕೃತಿಗಳ ವಿಭಾಗಕ್ಕೆ ಅದು ನಾಮಕರಣಗೊಂಡಿತು. ಅಸುರರು ಅಪಹರಿಸಿದ ತಮ್ಮ ಗೋಲುವನ್ನು ಅರಸುತ್ತ ಹೊರಟ ರಾಜಿ ಎಂಬ ಬಾಲಿಕೆಯ ಕಥೆ ಅದು. ಅವಳ ಕೈಯಲ್ಲಿ ದುರ್ಗೆ ಕೊಟ್ಟ ತ್ರಿಶೂಲ, ಎದುರಾಳಿ ಮಹಾಬಲಾಸುರ. ನನಗೆ ಮುಖ್ಯವೆನಿಸಿದ ಸಂಗತಿ ಬೇರೆ. ದಾರಿಯಲ್ಲಿ ಗೋಡೆಯ ಮೇಲೆ ಪುರಾಣದ ಚಿತ್ರಗಳಿವೆ. ಆಡುವವನು ಅವುಗಳ ಮುಂದೆ ನಿಂತರೆ ಆ ಕಥೆಯನ್ನು ಹೇಳಿ ಕೇಳಿಸಲಾಗುತ್ತದೆ. ಹೆಸರಿನ ಜೊತೆಗೆ ಕಥೆಯೂ ಬಂದಿತು. ಅಜ್ಜಿ ಮಾಡಬೇಕಾದ ಕೆಲಸವನ್ನು ಗೋಡೆ ಮಾಡುತ್ತಿದೆ ಎಂದು ಕೊರಗುವುದಕ್ಕಿಂತ, ಗೋಡೆಯಾದರೂ ಮಾಡಿತಲ್ಲ ಎಂದು ಮೆಚ್ಚುವುದು ಲೇಸು.

ಅಸುರರ ಹೆಸರುಗಳ ವಿಷಯದಲ್ಲಿ ನಮ್ಮ ನಾಡಿನ ಸಂಪ್ರದಾಯ ಎಷ್ಟು ಉದಾರವೆಂಬುದನ್ನೂ ಇಲ್ಲಿ ನೆನೆಯಬೇಕು. ಚಾಮುಂಡಿ ಮಹಿಷನನ್ನು ಕೊಂದಳು. ಆದರೆ ಊರಿಗೆ ಉಳಿದುದು ಮಹಿಷನ ಹೆಸರೇ, ಅದೇ ಮೈಸೂರು. ವಾಮನನು ಬಲಿಯನ್ನು ಪಾತಾಳಕ್ಕೆ ತುಳಿದ. ತುಳುನಾಡಿನವರು ದೀಪಾವಳಿಯಲ್ಲಿ ಬಲೀಂದ್ರನನ್ನು ಕರೆದು ದೀಪವಿಡುತ್ತಾರೆ, ಮಹಾರಾಷ್ಟ್ರದ ರೈತನೂ ಬಲಿಯ ರಾಜ್ಯ ಬರಲೆಂದು ಹಾರೈಸುತ್ತಾನೆ. ‘ಕೊಂದರೆ ಇಷ್ಟು ಅಂಕ’ ಎಂಬ ಲೆಕ್ಕದಲ್ಲಿ ಅಸುರನನ್ನು ಕಾಣುವ ಮಗುವಿಗೆ ಈ ಇನ್ನೊಂದು ಮುಖವನ್ನು ತೋರಿಸುವವರು ಬೇಕು.

ಇನ್ನು ಪುಣೆಯ ಕನ್ನಡಿಗರಾದ ನಮಗೆ ಹೆಸರುಗಳ ಪ್ರಯಾಣ ಹೊಸ ಸಂಗತಿಯೇನಲ್ಲ. ಶಿವಾಜಿನಗರದ ಜಂಗಲೀ ಮಹಾರಾಜ ರಸ್ತೆಯಲ್ಲಿ ಕಲ್ಲು ಕೊರೆದು ಮಾಡಿದ ಪಾತಾಳೇಶ್ವರ ಗುಹಾಲಯವಿದೆಯಷ್ಟೆ. ಅದು ರಾಷ್ಟ್ರಕೂಟರ ಕಾಲದ್ದು. ಈ ಸೀಮೆಯನ್ನು ‘ಪುಣ್ಯವಿಷಯ’ವೆಂದು ಕರೆದಿರುವುದು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕ್ರಿ.ಶ. 758ರ ತಾಮ್ರಶಾಸನ. ಜೇಜುರಿಯ ಖಂಡೋಬನಾದರೋ ನಮ್ಮ ಮೈಲಾರಲಿಂಗನೇ. ಮಣಿ, ಮಲ್ಲರೆಂಬ ದೈತ್ಯರ ಕಥೆ ಎರಡೂ ಕಡೆ ಒಂದೇ. ಇಲ್ಲಿಯ ಮ್ಹಾಳಸಾ ಮತ್ತು ಬಾನಾಯಿ ಅಲ್ಲಿ ಗಂಗಿಮಾಳವ್ವ ಮತ್ತು ಕುರುಬತ್ತೆವ್ವ. ಇಲ್ಲಿಯ ವಾಘ್ಯಾ, ಅಲ್ಲಿಯ ಗೊರವ. ಹೆಸರು ಬದಲಾಯಿತು, ವೇಷ ಬದಲಾಯಿತು, ಭಾಷೆ ಬದಲಾಯಿತು. ಆದರೂ ದೇವರು ಕಳೆದುಹೋಗಲಿಲ್ಲ. ಏಕೆಂದರೆ ವರ್ಷವರ್ಷವೂ ಜಾತ್ರೆಯಲ್ಲಿ ಆ ಕಥೆಯನ್ನು ಹಾಡುವ ಬಾಯಿಗಳಿದ್ದವು.

ಬ್ಯಾಂಕಿನ ಉದ್ಯೋಗಿಯಾದ ನನಗೆ ಇದೆಲ್ಲ ಹಳೆಯ ಕಾಲದ ಹುಂಡಿಯಂತೆ ತೋರುತ್ತದೆ. ಹುಂಡಿಯ ಬೆಲೆ ಅದರ ಕಾಗದದಲ್ಲಿಲ್ಲ. ತೋರಿಸಿದ ಊರಿನಲ್ಲಿ ಹಣ ಎಣಿಸಿಕೊಡುವ ಸಾಹುಕಾರನೊಬ್ಬನಿದ್ದಾನೆ ಎಂಬುದರಲ್ಲಿದೆ. ಪರದೆಯ ಮೇಲೆ ಗಾಳಿ ಎಬ್ಬಿಸುವ ‘ಗರುಡ’ನನ್ನು ಕಂಡ ಮಗು ಆ ಹೆಸರನ್ನು ಹಿಡಿದುಕೊಂಡು ನಮ್ಮ ಬಳಿಗೆ ಬರುತ್ತದೆ. ಆಗ, ತಾಯಿ ವಿನತೆಯನ್ನು ದಾಸ್ಯದಿಂದ ಬಿಡಿಸಲು ಅಮೃತವನ್ನೇ ತಂದ ಮಗನ ಕಥೆಯನ್ನು ಎಣಿಸಿಕೊಡಲು ನಾವು ಸಿದ್ಧರಿದ್ದೇವೆಯೇ? ಇಲ್ಲವಾದರೆ ಹುಂಡಿ ಬರಿಯ ಕಾಗದವಾಯಿತು; ಅದರ ತಪ್ಪು ಟೋಕಿಯೋದವರದಲ್ಲ.

ಪುರಾಣಗಳಿಗಾದರೋ ಪುಸ್ತಕಗಳ ಬೆಂಬಲವುಂಟು. ಹೆಚ್ಚು ಅಪಾಯದಲ್ಲಿರುವುವು ನಮ್ಮ ಜನಪದ ಮಹಾಕಾವ್ಯಗಳ ಹೆಸರುಗಳು. ಗುರು ಮಂಟೇಸ್ವಾಮಿಯ ಆಣತಿಯಂತೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಕಠಿಣ ಪರೀಕ್ಷೆಗಳನ್ನು ಗೆದ್ದ ಸಿದ್ಧಪ್ಪಾಜಿ, ಕಾಡುಗೊಲ್ಲರ ಜುಂಜಪ್ಪ, ತುಳುನಾಡಿನ ಕೋಟಿ-ಚೆನ್ನಯರು: ಇವರ ಕಥೆಗಳಲ್ಲಿ ಎಂಥ ಆಟವನ್ನಾದರೂ ಕಟ್ಟುವಷ್ಟು ಸಾಮಗ್ರಿಯಿದೆ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ನೀಲಗಾರರ, ದೇವರಗುಡ್ಡರ ಬಾಯಿಂದ ಇಂಥ ಕಾವ್ಯಗಳನ್ನು ಬರೆದುಕೊಂಡು ಮಹದುಪಕಾರ ಮಾಡಿದ್ದಾರೆ. 2022ರ ‘ಕಾಂತಾರ’ ಚಲನಚಿತ್ರದಿಂದ ಪಂಜುರ್ಲಿ, ಗುಳಿಗ ಎಂಬ ಹೆಸರುಗಳು ದೇಶವೆಲ್ಲ ಪರಿಚಿತವಾದುವು. ಬಲ್ಲವನೊಬ್ಬನು ಹೇಳಿದರೆ ಕೇಳುವವರುಂಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ಸಂಚಿಕೆಯ ಆರೋಗ್ಯ ಲೇಖನಗಳನ್ನು ಓದುವ ತಂದೆತಾಯಂದಿರಿಗೆ ‘ಆಟವೇ ಒಂದು ರೋಗವಲ್ಲವೇ?’ ಎಂಬ ಸಂಶಯ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಪರಿಷ್ಕರಣೆ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ಆಟದ ವ್ಯಸನವೂ ಸೇರಿದೆ ನಿಜ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ 12 ತಿಂಗಳ ಕಾಲ ಇವು ಕಂಡುಬರಬೇಕು. ಆದ್ದರಿಂದ ಆಡುವ ಮಕ್ಕಳೆಲ್ಲರೂ ರೋಗಿಗಳಲ್ಲ. ಆಟಕ್ಕೆ ವೇಳೆಯ ಮಿತಿ ಬೇಕು, ನಿದ್ರೆಗೆ ಭಂಗ ಬರಬಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ‘ಸಾಕು, ಆರಿಸು’ ಎನ್ನುವುದೊಂದೇ ನಾವು ಮಕ್ಕಳೊಡನೆ ಆಡುವ ಮಾತಾದರೆ, ಹತ್ತಿರ ಕೂರಲು ಇರುವ ಒಂದು ಒಳ್ಳೆಯ ನೆಪವನ್ನು ಕಳೆದುಕೊಂಡಂತೆ.

ಆದುದರಿಂದ ನನ್ನ ಸಲಹೆ ಸರಳವಾದುದು. ಮಗು ಆಡುವ ಆಟದಲ್ಲಿ ಯಾವ ಯಾವ ಹೆಸರುಗಳಿವೆಯೆಂದು ವಾರಕ್ಕೊಮ್ಮೆ ಕೇಳೋಣ; ಅವುಗಳಲ್ಲಿ ಒಂದರ ಕಥೆಯನ್ನು ಕನ್ನಡದಲ್ಲಿಯೇ ಹೇಳೋಣ; ತಿಳಿಯದಿದ್ದರೆ ಊರಿನ ಹಿರಿಯರಿಗೆ ದೂರವಾಣಿಯ ಮೂಲಕ ಕೇಳಿಸೋಣ. ಪರನಾಡಿನ ಕನ್ನಡ ಸಂಘಗಳು ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಮಕ್ಕಳು ಹೆಸರು ತರಲಿ, ಹಿರಿಯರು ಕಥೆ ತರಲಿ. ಪ್ರತಿ ಸದಸ್ಯ ಕುಟುಂಬವೂ ತನ್ನ ಊರ ದೇವರ, ಬೀರರ, ಭೂತಗಳ ಹೆಸರನ್ನೂ ಕಥೆಯನ್ನೂ ಬರೆದುಕೊಡಲಿ. ಇನ್ನು ಹತ್ತು ವರ್ಷಗಳಲ್ಲಿ ಈ ಮಕ್ಕಳಲ್ಲಿಯೇ ಯಾರೋ ಒಬ್ಬರು ಆಟ ಕಟ್ಟುವವರಾದಾರು. ಆಗ ಹೆಸರಿಗಾಗಿ ಅವರು ಎಲ್ಲಿಯೂ ಕೈಚಾಚಬೇಕಾಗಿ ಬರಬಾರದು.