ನೋವಿನ ತೈಲಗಳೂ ನಮ್ಮ ಹೊಣೆಯೂ

ಕೀಲುನೋವು, ಸೊಂಟನೋವುಗಳಿಗೆ ಎಣ್ಣೆ ಹಚ್ಚಿ ನೀವುವುದು ನಮ್ಮ ದೇಶದ ಪುರಾತನ ಪದ್ಧತಿ. ಎಳ್ಳೆಣ್ಣೆಯಲ್ಲಿ ಬೇರು ನಾರುಗಳನ್ನು ಹಾಕಿ ಕಾಯಿಸಿದ ಮಹಾನಾರಾಯಣ ತೈಲವನ್ನು ಅರಿಯದ ವೈದ್ಯರಿಲ್ಲ. ಅದರ ಮಗ್ಗುಲಲ್ಲಿ ಈಗ ಕರ್ಪೂರ, ಮೆಂಥಾಲ್, ವಿಂಟರ್‌ಗ್ರೀನ್ ಎಣ್ಣೆಗಳಿಂದಾದ ಘಾಟು ತೈಲಗಳೂ ಮುಲಾಮುಗಳೂ ಮನೆಮನೆಯನ್ನು ಹೊಕ್ಕಿವೆ. ಸಿಂಗಪುರ, ಹಾಂಗ್‌ಕಾಂಗ್‌ಗಳಿಗೆ ಹೋಗಿಬಂದವರು ಅಲ್ಲಿಯ ಪುಟ್ಟ ಸೀಸೆಗಳನ್ನು ಬಂಧುಗಳಿಗೆ ಉಡುಗೊರೆಯಾಗಿ ತರುವುದುಂಟು.

ಈ ಉದ್ಯಮದಲ್ಲಿ ನಮ್ಮವರ ಸಾಧನೆ ಅಲ್ಪವಲ್ಲ. ಕಾಶೀನಾಧುನಿ ನಾಗೇಶ್ವರರಾಯರು 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನದ ತಯಾರಿಕೆಯನ್ನಾರಂಭಿಸಿ, ಅದರ ಸಂಪಾದನೆಯ ಬಲದಿಂದ 1908ರಲ್ಲಿ ‘ಆಂಧ್ರ ಪತ್ರಿಕೆ’ಯನ್ನು ಹೊರಡಿಸಿದರು. ನೋವಿನ ಔಷಧದ ಹಣವು ರಾಷ್ಟ್ರಸೇವೆಗೆ ಒದಗಿದ ಈ ಸಂಗತಿ ಅಭಿಮಾನಾಸ್ಪದವೇ ಸರಿ. ಆದರೆ ಅಭಿಮಾನವು ವಿವೇಚನೆಗೆ ಅಡ್ಡಬರಲಾಗದು.

ವಿಂಟರ್‌ಗ್ರೀನ್ ಎಣ್ಣೆಯ ಸಾರವೆಲ್ಲ ಮಿಥೈಲ್ ಸ್ಯಾಲಿಸಿಲೇಟು. ನೀಲಗಿರಿ ಬೆಟ್ಟಗಳ ಒಂದು ಗಿಡದ ಎಲೆಯಿಂದಲೂ ಇದು ದೊರೆಯುವುದು. ಇಂದು ಬಹುಪಾಲು ಕಾರ್ಖಾನೆಗಳಲ್ಲಿಯೇ ಸಿದ್ಧವಾಗುತ್ತದೆ. ಇದು ಆಸ್ಪಿರಿನ್ನಿನ ದಾಯಾದಿ. ಚರ್ಮದ ಮೇಲೆ ಮಿತವಾಗಿ ಹಚ್ಚಿದರೆ ನೋವು ಶಮನವಾಗುವುದು. ಹೊಟ್ಟೆಗೆ ಹೋದರೆ ವಿಷವಾಗುವುದು. ಶುದ್ಧವಾದ ಈ ಎಣ್ಣೆಯ ಒಂದು ಚಿಕ್ಕ ಚಮಚೆಯಲ್ಲಿ, ಎಂದರೆ 5 ಮಿಲಿಲೀಟರಿನಲ್ಲಿ, 325 ಮಿಲಿಗ್ರಾಮಿನ 20ಕ್ಕೂ ಹೆಚ್ಚು ಆಸ್ಪಿರಿನ್ ಗುಳಿಗೆಗಳ ಬಲವಿದೆ. ಹಸುಳೆಯ ಪ್ರಾಣಕ್ಕೆ ಅಷ್ಟೇ ಅಪಾಯಕರ. ಕರ್ಪೂರವನ್ನು ನುಂಗಿದ ಮಕ್ಕಳಿಗೆ ಸೆಳವು ಬರುವುದುಂಟು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವ ವೃದ್ಧರು ಸ್ಯಾಲಿಸಿಲೇಟಿನ ತೈಲವನ್ನು ಧಾರಾಳವಾಗಿ ತಿಕ್ಕಿಕೊಂಡರೆ ರಕ್ತಸ್ರಾವದ ಭಯವಿದೆ.

“ಗಿಡಮೂಲಿಕೆಯದು, ಆದುದರಿಂದ ನಿರಪಾಯ” ಎಂಬ ನಂಬಿಕೆಯೇ ಇಲ್ಲಿಯ ಮುಖ್ಯ ಅನರ್ಥ. ಅಮೆರಿಕದಲ್ಲಿ ಮಿಥೈಲ್ ಸ್ಯಾಲಿಸಿಲೇಟು ಶೇಕಡಾ 5ನ್ನು ಮೀರಿದ ಔಷಧಗಳ ಮೇಲೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬ ಎಚ್ಚರಿಕೆ ಕಡ್ಡಾಯ. ನಮ್ಮಲ್ಲಿ 1940ರ ಔಷಧ ಕಾನೂನೂ 1945ರ ನಿಯಮಗಳೂ ಇವೆ. ಆಯುರ್ವೇದ ಔಷಧದ ಚೀಟಿಯಲ್ಲಿ ದ್ರವ್ಯಗಳ ಪಟ್ಟಿಯಿರಬೇಕೆಂಬ ವಿಧಿಯೂ ಉಂಟು. ಆದರೆ ಇಂಗ್ಲಿಷಿನ ಸಣ್ಣಕ್ಷರದ ಪಟ್ಟಿಯಿಂದ ಹಳ್ಳಿಯ ತಾಯಿಗೆ ಏನು ಪ್ರಯೋಜನ?

“ಹೊರಗೆ ಹಚ್ಚಲು ಮಾತ್ರ, ಮಕ್ಕಳಿಂದ ದೂರವಿಡಿ” ಎಂಬ ಮಾತು ದಪ್ಪಕ್ಷರಗಳಲ್ಲಿ, ಆಯಾ ಪ್ರಾಂತದ ಭಾಷೆಯಲ್ಲಿ, ಪ್ರತಿಯೊಂದು ಸೀಸೆಯ ಮೇಲೂ ಇರಬೇಕು, ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳವೂ ಬೇಕು. ಇದರಿಂದ ಸ್ವದೇಶೀ ಔಷಧಕ್ಕೆ ಕುಂದಿಲ್ಲ, ಗೌರವವೇ ಹೆಚ್ಚುವುದು. ಸರಕಾರದವರೂ ತಯಾರಕರೂ ಇತ್ತ ಶೀಘ್ರವಾಗಿ ಲಕ್ಷ್ಯವೀಯಲಿ. ಅಲ್ಲಿಯವರೆಗೆ ಸೀಸೆಯನ್ನು ಎತ್ತರದ ಗೂಡಿನಲ್ಲಿಡುವ ಹೊಣೆ ಮನೆಯ ಹಿರಿಯರದು.