ದೇವರ ಆಯ್ಕೆಯೂ ನಮ್ಮ ನಂಬಿಕೆಯೂ

ರಕ್ಷಣೆಯು ಮನುಷ್ಯನ ನಂಬಿಕೆಯಿಂದ ದೊರೆಯುವದೋ, ಇಲ್ಲವೆ ಅನಾದಿಯಲ್ಲಿಯೇ ದೇವರು ಮಾಡಿದ ಆಯ್ಕೆಯಿಂದ ದೊರೆಯುವದೋ ಎಂಬ ಪ್ರಶ್ನೆಯು ಪಂಡಿತರಿಗೆ ಮಾತ್ರ ಸೇರಿದ್ದೆಂದು ಹಲವರು ಎಣಿಸುವರು. ಹೆಣ್ಣುಮಕ್ಕಳ ಶಾಲೆಯನ್ನು ನಡಿಸುವ ನಮಗೆ ಹಾಗನಿಸುವದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಯಾಕೋಬ ಏಸಾವರ ಸಂಗತಿಯನ್ನು ಓದುವ ಕ್ರೈಸ್ತ ಬಾಲಿಕೆಯು, ಹುಟ್ಟುವದಕ್ಕೆ ಮೊದಲೇ ಒಬ್ಬನು ಮುಂದೆ, ಒಬ್ಬನು ಹಿಂದೆ ಎಂದಾದರೆ ತಾನು ಯಾರ ಪಾಲಿನವಳೆಂದು ಕೇಳದಿರಲಾರಳು. ಈ ಸೀಮೆಯಲ್ಲಿ ಹುಟ್ಟಿದ ಅವಳ ಕಿವಿಗೆ ದೇವರ ಆಯ್ಕೆಯೆಂದರೆ ಹಣೆಬರಹವೆಂದೇ ಕೇಳಿಸುವದು. ಓದು ಇವಳ ಹಣೆಯಲ್ಲಿ ಬರೆದಿಲ್ಲವೆಂದು ಮಗಳನ್ನು ಶಾಲೆ ಬಿಡಿಸುವ ಮನೆಗಳು ಇರುವಾಗ, ಈ ತಪ್ಪು ತಿಳುವಳಿಕೆಯು ಅಲ್ಪವಾದದ್ದಲ್ಲ.

ವಾದವು ಹಳೆಯದು. 1618 ಮತ್ತು 1619ರಲ್ಲಿ ಹಾಲೆಂಡಿನ ಡೋರ್ಟ್ ಪಟ್ಟಣದಲ್ಲಿ ಕೂಡಿದ ಸಭೆಯು ಕಾಲ್ವಿನ್ನನ ಪಕ್ಷವನ್ನು ಎತ್ತಿಹಿಡಿದು, ಅರ್ಮಿನಿಯಸನ ಶಿಷ್ಯರನ್ನು ತಳ್ಳಿಬಿಟ್ಟಿತು. 1739ರ ತರುವಾಯ ಇಂಗ್ಲೆಂಡಿನಲ್ಲಿ ಆಪ್ತಮಿತ್ರರಾದ ಜಾನ್ ವೆಸ್ಲಿ ಮತ್ತು ಜಾರ್ಜ್ ವಿಟ್‌ಫೀಲ್ಡರೂ ಇದೇ ಕಾರಣದಿಂದ ಅಗಲಿದರು. ಕೃಪೆಯು ಎಲ್ಲರಿಗೂ ತೆರೆದಿದೆಯೆಂದು ವೆಸ್ಲಿಯೂ, ಅದು ಆಯ್ದುಕೊಳ್ಳಲ್ಪಟ್ಟವರಿಗೆ ಮಾತ್ರವೆಂದು ವಿಟ್‌ಫೀಲ್ಡನೂ ಹೇಳಿದರು. ನಮ್ಮ ದೇಶಕ್ಕೂ ಇಂಥ ಚರ್ಚೆಯು ಹೊಸದಲ್ಲ. ಮರಿಕೋತಿಯು ತಾಯಿಯನ್ನು ತಾನೇ ಅಪ್ಪಿಕೊಳ್ಳುವದು, ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿಕೊಂಡೊಯ್ಯುವದು ಎಂಬ ದೃಷ್ಟಾಂತಗಳಿಂದ ಶ್ರೀವೈಷ್ಣವರ ಎರಡು ಕವಲುಗಳವರು ದೇವರ ಕೃಪೆಯನ್ನು ಕುರಿತು ವಾದಿಸಿದರು.

ನಮ್ಮ ನೆರೆಯಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಬೆಳಗಾವಿಯಲ್ಲಿ 1820ರಲ್ಲಿ ಸುವಾರ್ತೆಯ ಕೆಲಸವನ್ನು ಆರಂಭಿಸಿದವರು ಲಂಡನ್ ಮಿಶನ್ನಿನವರು. ಯಾವದೊಂದು ಪಂಗಡದ ಮತವನ್ನೂ ಹೊರಿಸಬಾರದೆಂಬ ನಿಯಮವು ಆ ಮಿಶನ್ನಿಗೆ ಇದ್ದರೂ, ಅದರಲ್ಲಿ ಬಹುಜನರು ಕಾಲ್ವಿನ್ನನ ಪರಂಪರೆಯಿಂದ ಬಂದ ಕಾಂಗ್ರಿಗೇಶನಲ್ ಸಭೆಯವರು. 1904ರಲ್ಲಿ ಆ ಕೆಲಸವೆಲ್ಲ ಅಮೇರಿಕದ ಮೆಥೊಡಿಸ್ಟರ, ಅಂದರೆ ವೆಸ್ಲಿಯ ಅನುಯಾಯಿಗಳ, ಕೈಗೆ ಬಂದಿತು. ಯಾವ ವಾದಕ್ಕಾಗಿ ಇಂಗ್ಲೆಂಡಿನಲ್ಲಿ ಸ್ನೇಹಿತರು ಅಗಲಿದರೋ, ಆ ವಾದದ ಎರಡೂ ದಡಗಳನ್ನು ನಮ್ಮ ಸೀಮೆಯ ಸಭೆಯು ಒಂದೇ ದೋಣಿಯಲ್ಲಿ ಕುಳಿತು ಕಂಡಿತು. ದೇವರು ಒಬ್ಬನೇ, ಮೇಜು ಒಂದೇ, ಓದುವ ಕನ್ನಡ ಸತ್ಯವೇದವೂ ಒಂದೇ ಆಗಿತ್ತು.

ಇನ್ನೊಂದು ಮಾತು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಭಾರತದ ಅನೇಕ ಸೀಮೆಗಳಲ್ಲಿ ಕೇರಿಗೆ ಕೇರಿಯೇ ದೀಕ್ಷಾಸ್ನಾನ ಹೊಂದಿತು. ಅವರಲ್ಲಿ ಎಷ್ಟು ಮಂದಿ ಸ್ವಂತವಾಗಿ ನಂಬಿದರು, ಎಷ್ಟು ಮಂದಿ ಹಿರಿಯರ ಬೆನ್ನು ಹತ್ತಿ ಬಂದರು ಎಂದು ಹಂಗಿಸುವವರುಂಟು. ಮೆಥೊಡಿಸ್ಟ್ ಮಿಶನರಿಯಾದ ವ್ಯಾಸ್ಕಮ್ ಪಿಕೆಟ್ಟರು ಈ ಸಮುದಾಯಗಳನ್ನು ಪರಿಶೋಧಿಸಿ 1933ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಜನರು ಯಾವ ಉದ್ದೇಶದಿಂದ ಬಂದರೆಂಬದಕ್ಕಿಂತ, ಬಂದ ಮೇಲೆ ಅವರಿಗೆ ಎಂಥ ಉಪದೇಶವೂ ಆರೈಕೆಯೂ ದೊರೆಯಿತೆಂಬದೇ ಅವರ ಕ್ರೈಸ್ತ ಜೀವಿತಕ್ಕೆ ಹೆಚ್ಚು ಮಹತ್ವದ್ದೆಂದು ಅವರು ಕಂಡರು. ಫಿಲಿಪ್ಪಿಯ ಸೆರೆಯ ಯಜಮಾನನ ಮನೆಯವರೆಲ್ಲರೂ ಒಂದೇ ರಾತ್ರಿಯಲ್ಲಿ ದೀಕ್ಷಾಸ್ನಾನ ಹೊಂದಿದರಷ್ಟೆ. ಅವರಲ್ಲಿ ಒಬ್ಬೊಬ್ಬರ ನಂಬಿಕೆಯನ್ನು ತೂಗಿ ನೋಡಿದರೆಂದು ಲೂಕನು ಬರೆದಿಲ್ಲ.

ಆದಕಾರಣ ನಮ್ಮ ಅಭಿಪ್ರಾಯವೇನಂದರೆ: ಆಯ್ಕೆಯೆಂಬದು ಹಿಂದಿರುಗಿ ನೋಡುವಾಗ ಆಡತಕ್ಕ ಮಾತು, ಮುಂದೆ ನೋಡುವಾಗ ಆಡತಕ್ಕದ್ದಲ್ಲ. ತಾನು ನಡೆದು ಬಂದ ದಾರಿಯನ್ನು ಕಂಡು, ನಾನು ದೇವರನ್ನು ಹುಡುಕುವದಕ್ಕೆ ಮೊದಲೇ ಆತನು ನನ್ನನ್ನು ಹುಡುಕಿದನೆಂದು ಸ್ತುತಿಸುವವಳ ಬಾಯಲ್ಲಿ ಅದು ಸತ್ಯ. ನೆರೆಯವಳನ್ನು ಕಂಡು, ಇವಳು ಆಯ್ದವಳಲ್ಲವೆಂದು ಹೇಳುವವಳ ಬಾಯಲ್ಲಿ ಅದು ಗರ್ವ. ನಂಬಿಕೆಯೂ ಹಾಗೆಯೇ. ಅದು ದಾನವನ್ನು ಹಿಡಿಯುವ ಕೈ ಮಾತ್ರ, ದಾನಕ್ಕೆ ತೆತ್ತ ಬೆಲೆಯಲ್ಲ. ಪರೀಕ್ಷೆಯಲ್ಲಿ ಗಳಿಸಿದ ಅಂಕಗಳಂತೆ ನಂಬಿಕೆಯನ್ನು ಎಣಿಸತೊಡಗಿದರೆ, ಅದೂ ಇನ್ನೊಂದು ಬಗೆಯ ಪುಣ್ಯಸಂಪಾದನೆಯಾಗುವದು. ರಕ್ಷಣೆಯು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ಎಂದು 1999ರಲ್ಲಿ ಲೂಥರನ್ ಮತ್ತು ರೋಮನ್ ಕಥೊಲಿಕ ಸಭೆಗಳು ಒಡಂಬಟ್ಟವು. ಆ ಒಡಂಬಡಿಕೆಗೆ 2006ರಲ್ಲಿ ಮೆಥೊಡಿಸ್ಟರೂ, 2017ರಲ್ಲಿ ಕಾಲ್ವಿನ್ನನ ಪರಂಪರೆಯವರೂ ಸೇರಿದರು. ಬಹುಕಾಲ ಅಗಲಿದ್ದವರು ಇಷ್ಟನ್ನು ಕೂಡಿ ಹೇಳಬಲ್ಲರೆಂಬದು ನಮಗೆ ದೊಡ್ಡ ಸಮಾಧಾನ.

ಹಾಗಾದರೆ ಉಳಿದದ್ದೆಲ್ಲವೂ ಬಗೆಹರಿಯಿತೋ? ಇಲ್ಲ. ಬಿತ್ತಿದವನ ಮನಸ್ಸು ಬೀಜಕ್ಕೆ ತಿಳಿಯದು. ಆದರೆ ಮಳೆ ಬಂದಾಗ ಹೊಲವನ್ನು ಹದಗೊಳಿಸದೆ, ಮಲಪ್ರಭೆಯ ದಂಡೆಯ ಯಾವ ಒಕ್ಕಲಿಗನೂ ಬೆಳೆಯು ದೇವರ ಚಿತ್ತವೆಂದು ಸುಮ್ಮನೆ ಕುಳಿತುಕೊಳ್ಳುವದಿಲ್ಲ.

ಮಾನ್ಯ ಪಾಲಕರೇ, ಕ್ರೈಸ್ತರ ಮನೆಯಲ್ಲಿ ಹುಟ್ಟಿದಳೆಂದ ಮಾತ್ರಕ್ಕೆ ಮಗಳು ದೇವರವಳಾದಳೆಂದು ನಿಶ್ಚಿಂತರಾಗಿರಬೇಡಿರಿ. ಅವಳು ಪ್ರಶ್ನೆ ಕೇಳಿದಳೆಂದು ಅವಳನ್ನು ನಂಬಿಕೆಯಿಲ್ಲದವಳೆಂದೂ ಎಣಿಸಬೇಡಿರಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಅತ್ತೆಯರೂ ಉಪಾಧ್ಯಾಯಿನಿಯರೂ ಸಭೆಯ ಹಿರಿಯರೂ ಆಗಿದ್ದೀರಿ. ನಿಮ್ಮ ಮನೆಗೂ ತರಗತಿಗೂ ಬರುವ ಯಾವ ಹುಡುಗಿಯನ್ನೂ, ಅವಳ ಜಾತಿ, ಕೇರಿ, ಮತಗಳು ಏನೇ ಇರಲಿ, ಮೊದಲೇ ಬಿಟ್ಟುಬಿಟ್ಟವಳೆಂದು ಕಾಣಬೇಡಿರಿ. ಯಾರ ಹೆಸರು ಎಲ್ಲಿ ಬರೆದಿದೆಯೆಂಬದನ್ನು ದೇವರು ಬಲ್ಲನು. ನಮಗೆ ಆತನು ಒಪ್ಪಿಸಿದ್ದು ಹಾಜರಿಯ ಪುಸ್ತಕವನ್ನು ಮಾತ್ರ. ಅದರಲ್ಲಿರುವ ಪ್ರತಿಯೊಂದು ಹೆಸರನ್ನೂ ಪ್ರೀತಿಯಿಂದ ಕರೆಯುವದೇ ನಮ್ಮ ಕರ್ತವ್ಯ.

ಕೃಪಾನಿಧಿಯಾದ ಕರ್ತನು ನಿಮ್ಮೆಲ್ಲರನ್ನು ಕಾಪಾಡಲಿ.