ಪೀಠವುಂಟು, ಮತವಿಲ್ಲ!

ಬಾಗಿಲನ್ನು ತೆರೆದು ಒಳಗೆ ಕರೆದ ಮಾತ್ರಕ್ಕೆ ಮನೆಯಲ್ಲಿ ಪಾಲು ಕೊಟ್ಟಂತಾಗುವುದಿಲ್ಲ. ಸ್ತ್ರೀಯರಿಗೆ ವಿದ್ಯೆಯನ್ನು ಕೊಟ್ಟಾಯಿತು, ಇನ್ನೇನು ಬೇಕು ಎಂದು ಕೇಳುವ ಪಂಡಿತರು ಈ ಭೇದವನ್ನು ಮರೆತಿರುವರು. ಅವರಿಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಚರಿತ್ರೆಯೊಂದೇ ಸಾಕಾದ ಉತ್ತರ.

ಅಲ್ಲಿ 1881ರಲ್ಲಿಯೇ ಸ್ತ್ರೀಯರಿಗೆ ಪದವಿ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಹಕ್ಕು ದೊರೆತಿದ್ದಿತು. 1887ರಲ್ಲಿ ಗ್ರೀಕ್ ಲ್ಯಾಟಿನ್ ಸಾಹಿತ್ಯದ ಪರೀಕ್ಷೆಯಲ್ಲಿ ಪ್ರಥಮ ವರ್ಗದ ಪ್ರಥಮ ವಿಭಾಗಕ್ಕೆ ಏರಿದವಳು ಅಗ್ನೇಟಾ ರ್‍ಯಾಮ್ಸೆ ಒಬ್ಬಳೇ. ಆ ಎತ್ತರದಲ್ಲಿ ಆಕೆಯ ಪಕ್ಕಕ್ಕೆ ಒಬ್ಬ ಪುರುಷನೂ ಇರಲಿಲ್ಲ. ಆದರೂ ಪದವಿಯಿಲ್ಲ! 1897ರಲ್ಲಿ ಈ ಪ್ರಶ್ನೆ ಮತಕ್ಕೆ ಬಂದಾಗ ವಿದ್ಯಾರ್ಥಿಗಳು ಸೈಕಲ್ಲೇರಿದ ಹೆಂಗಸಿನ ಬೊಂಬೆಯನ್ನು ಬೀದಿಯಲ್ಲಿ ತೂಗುಹಾಕಿ ನಕ್ಕರು. ಹಿರಿಯರು ಬಹುಮತದಿಂದ ನಿರಾಕರಿಸಿದರು. 1921ರಲ್ಲಿ ಪದವಿಯ ಹೆಸರನ್ನು ಮಾತ್ರ ಕೊಟ್ಟು ಸದಸ್ಯತ್ವವನ್ನು ತಡೆದರು. 1939ರಲ್ಲಿ ಡೊರೊಥಿ ಗ್ಯಾರಡ್ ಎಂಬ ವಿದುಷಿಯನ್ನು ಪುರಾತತ್ತ್ವ ಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆ ಆರಿಸಿದರು. ಆದರೆ ಅದೇ ವಿಶ್ವವಿದ್ಯಾನಿಲಯದ ಆಡಳಿತ ಸಭೆಯಲ್ಲಿ ಆಕೆಗೆ ಮತವಿರಲಿಲ್ಲ! ಆ ಹಕ್ಕು ಬಂದುದು 1948ರಲ್ಲಿ.

ಭಾರತದಲ್ಲಿ ಇಂತಹ ಕುಂದು ಇರಲಿಲ್ಲವೆಂದು ಕೆಲವರು ಹಿಗ್ಗುವರು. ಚಂದ್ರಮುಖಿ ಬಸು, ಕಾದಂಬಿನಿ ಗಂಗೂಲಿ ಇವರು ಕಲ್ಕತ್ತೆಯಲ್ಲಿ ಪದವೀಧರೆಯರಾದುದು 1883ರಲ್ಲಿ. ಕೇಂಬ್ರಿಜ್ಜಿಗಿಂತ 65 ವರ್ಷ ಮೊದಲು. ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಹಳೆಯ ಹೆಮ್ಮೆಯು ಇಂದಿನ ಕೊರತೆಗೆ ಮುಸುಕಾಗಬಾರದು. ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2021-22ರಲ್ಲಿ ದೇಶದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು. ಅಧ್ಯಾಪಕರಾದರೋ ನೂರು ಪುರುಷರಿಗೆ 77 ಮಂದಿ ಸ್ತ್ರೀಯರು. ಕೇಳುವ ಬೆಂಚಿನಿಂದ ಹೇಳುವ ವೇದಿಕೆಗೆ ಬರುವಷ್ಟರಲ್ಲಿಯೇ ಸಂಖ್ಯೆ ಇಳಿಯುತ್ತದೆ. ಭಾಷೆ, ಚರಿತ್ರೆ, ತತ್ತ್ವಶಾಸ್ತ್ರಗಳ ಎಷ್ಟೋ ವಿಭಾಗಗಳಲ್ಲಿ ಸಮಾರಂಭ ಬಂದರೆ ಪ್ರಾರ್ಥನೆಗೂ ವಂದನಾರ್ಪಣೆಗೂ ಅಧ್ಯಾಪಿಕೆಯರ ನೆನಪಾಗುವುದು. ಪಠ್ಯವನ್ನು ನಿರ್ಣಯಿಸುವ ಸಭೆ ಸೇರುವ ದಿನ ಆ ನೆನಪು ಮಾಯವಾಗುವುದು.

ಯೋಗ್ಯತೆಯೊಂದೇ ಅಳತೆಗೋಲಾಗಬೇಕು, ಹೆಣ್ಣು ಗಂಡೆಂಬ ಗಣನೆ ಏಕೆ ಎಂದು ಆಕ್ಷೇಪಿಸುವವರುಂಟು. ಒಳ್ಳೆಯದು, ಹಾಗಾದರೆ ಆ ಅಳತೆಗೋಲನ್ನು ಬಚ್ಚಿಡುವುದೇಕೆ? ನೇಮಕಕ್ಕೆ ಮುಂಚೆಯೇ ಅದನ್ನು ಬರೆದು ಎಲ್ಲರ ಮುಂದಿಡಲಿ. ರ್‍ಯಾಮ್ಸೆಯ ಯೋಗ್ಯತೆಯನ್ನು ಪರೀಕ್ಷೆ ಒಪ್ಪಿದ್ದಿತು, ಒಪ್ಪದಿದ್ದುದು ಸಭೆ.

ನಷ್ಟವು ಸ್ತ್ರೀಯರಿಗೆ ಮಾತ್ರವಲ್ಲ, ವಿದ್ಯೆಗೂ ಉಂಟು. ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಪತಿವ್ರತೆಯರ ನೀತಿಗ್ರಂಥವೆಂದಷ್ಟೇ ಬೋಧಿಸಿ ಮುಗಿಸಬಹುದು. ಹೆಣ್ಣೆಂದು ಹೀಗಳೆಯುವವರನ್ನು ಅದೇ ಕಾವ್ಯದಲ್ಲಿ ಆಕೆ ಪ್ರಶ್ನಿಸಿರುವಳೆಂಬುದನ್ನು ಎತ್ತಿ ತೋರಿಸಬೇಕಾದರೆ ಬೇರೊಂದು ಕಣ್ಣು ಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಿಕೆಯಾಗಿದ್ದ ವಿಜಯಾ ದಬ್ಬೆಯವರು ಕನ್ನಡ ಸಾಹಿತ್ಯವನ್ನು ಸ್ತ್ರೀದೃಷ್ಟಿಯಿಂದ ಓದಿ ವಿಮರ್ಶೆಗೆ ಹೊಸ ಹಾದಿಯನ್ನು ತೆರೆದರು. ಮನುಷ್ಯನನ್ನು ಕುರಿತ ಶಾಸ್ತ್ರಗಳನ್ನು ಮನುಷ್ಯಕುಲದ ಅರ್ಧ ಭಾಗವೇ ನಿರ್ಣಯಿಸಿದರೆ ಅವು ಅರ್ಧ ಶಾಸ್ತ್ರಗಳೇ ಆಗುವುವು.

ಆದುದರಿಂದ ಆಗಬೇಕಾದುದು ದೊಡ್ಡ ಕ್ರಾಂತಿಯೇನೂ ಅಲ್ಲ. ವಿಭಾಗದ ಮುಖ್ಯಸ್ಥಾನವು ಸರದಿಯಂತೆ ಎಲ್ಲರಿಗೂ ಬರಲಿ. ನೇಮಕ ಸಮಿತಿಯಲ್ಲಿಯೂ ಪಠ್ಯ ಸಮಿತಿಯಲ್ಲಿಯೂ ಸ್ತ್ರೀಯರು ಕೇವಲ ಒಬ್ಬರಾಗಿ ಮೂಲೆಯಲ್ಲಿ ಕೂರದಂತಾಗಲಿ. ಸಭೆಗಳು ಕತ್ತಲಾದ ಮೇಲೆ ಸೇರದೆ ಕೆಲಸದ ವೇಳೆಯಲ್ಲಿ ಸೇರಲಿ. ಹೆರಿಗೆಗಾಗಿ ರಜೆ ಪಡೆದ ಕಾಲವನ್ನು ಸಂಶೋಧನೆಯ ಆಲಸ್ಯವೆಂದು ಎಣಿಸದಿರಲಿ.

ಮಗಳನ್ನು ಎಂ.ಎ. ಓದಿಸಿ ಸಂತೋಷಪಡುವ ಮನೆಗಳು ಇಂದು ಅನೇಕವಾಗಿವೆ. ಆ ಮನೆಗಳವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಮಗಳು ಕಲಿತ ವಿಭಾಗದಲ್ಲಿ ನಾಳೆ ಆಕೆ ಕಲಿಸಬಹುದೇ? ಕಲಿಸಿದರೆ, ಏನನ್ನು ಕಲಿಸಬೇಕೆಂದು ನಿರ್ಣಯಿಸುವಾಗ ಆಕೆಯ ಮಾತು ನಡೆಯುವುದೇ? ಗ್ಯಾರಡ್ ಪೀಠವೇರಿದ ಮೇಲೆಯೂ ಮತಕ್ಕಾಗಿ ಒಂಬತ್ತು ವರ್ಷ ಕಾಯಬೇಕಾಯಿತು. ಅಂತಹ ಕಾಯುವಿಕೆಯನ್ನು ಇನ್ನೊಬ್ಬರ ಮಗಳಿಗೆ ವಿಧಿಸುವ ಅಧಿಕಾರ ಯಾರಿಗೂ ಇಲ್ಲ.